ಎರಡೂ ಕಡೆಯಿಂದ

ಗ್ವಾಡಿಮ್ಯಾಲಿನ ಪಟದಾಗ ಮ ಅಂದ್ರ ಮರ.
ಬಾಜೂಕ ಹಸರ ಬಣ್ಣದ ದೊಡ್ಡ ಚಿತ್ರ.
ಕೋಲು ಇಟ್ಟು ಕೇಳಿದೆ, ಏನಿದು?
ಇಪ್ಪತ್ತೆರಡು ಬಾಯಿ ಒಮ್ಮಿಗೇ, ಗಿಡಾ!
ಗಿಡ ಅಲ್ರವ್ವಾ, ಮರ.
ಲಕ್ಕವ್ವ ಎದ್ದು ಅಡಗಿ ಕ್ವಾಣ್ಯಾಗ ಹೋಗಿ
ಗೂಟಕ್ಕಿದ್ದ ಮರ ಎದಿಗೆ ಅವಚಿಕೊಂಡು ಬಂದ್ಲು,
ಹೊಟ್ಟು ಉದುರಿಸಿಕೋತ:
ಅಕ್ಕೋರ, ಮರ ಇದರೀ.
ಹೌದು. ಪಟ ಬರೆದಾಂವ ಯಾವ ಸೀಮಿಯವನೋ,
ನಮ್ಮ ಬೆಟಗೇರ್ಯಾಗ ಮರ ನೆಳ್ಳು ಕೊಡೂದಿಲ್ಲ,
ಕಲ್ಲು ಆರಿಸಿ ಕೊಡತೈತಿ.

ಅವತ್ತಿನಿಂದ ಆ ಮರಾನ ನಮ್ಮ ಪಾಟಿ.
ಎರಡು ಬೊಗಸಿ ಜ್ವಾಳ ಹರವಿದ್ರ ಹಾಳಿ,
ಬೆರಳಾಡಿಸಿದ್ರ ಗೆರಿ,
ಅಲುಗಾಡಿಸಿದ್ರ ಮತ್ತ ಬರೇ ಜ್ವಾಳ.
ತಪ್ಪು ಬರೆದದ್ದಕ್ಕ ಅಲ್ಲಿ ಗುರುತು ಉಳಿಯೂದಿಲ್ಲ.

ಮುಬೀನಾ ನದಾಫ ಏಳಕ್ಕ ಅಣ್ಣನ ಸಂಗಾಟ ಮದರಸಾ,
ಹತ್ತಕ್ಕ ನನ್ನ ಹತ್ರ.
ಅಕಿ ಬೆರಳು ಯಾವಾಗ್ಲೂ ಬಲಕ್ಕ ಇಳಿಯೂದು.
ಎರಡು ತಿಂಗಳು ಅಕಿ ಮಣಿಕಟ್ಟು ಹಿಡಿದು
ಎಡಕ್ಕ ತಂದು ಬಿಟ್ಟೇನಿ,
ಒಳಗ ಹೊಕ್ಕ ಗುಬ್ಬೀನ ಹೊರಗ ಬಿಟ್ಟಂಗ.
ಒಂದಿನ ಸರ ಬರೆದಿದ್ದೆ.
ಅಕಿ ರಸ ಅಂದ್ಲು.
ಎಲ್ಲಾರೂ ನಕ್ರು.
ಇದನ್ನ ಹೇಳದ ಬಿಡಬಹುದಿತ್ತು, ನಾನೂ ನಕ್ಕೆ.
ಎಂಟು ದಿನ ಹುಡುಗಿ ಬಾಯಿ ತೆರೀಲಿಲ್ಲ,
ಉಪ್ಪಿಟ್ಟು ತಿನ್ನೂದಕ್ಕ ಬಿಟ್ರ.

ಗ್ವಾಡಿ ಆಚಿಕ ಬಾಕಳೆಯವರ ಮಗ್ಗ.
ಲಾಳಿ ಈ ಕಡೆಯಿಂದ ಆ ಕಡೆ, ಆ ಕಡೆಯಿಂದ ಈ ಕಡೆ.
ಆ ಸಪ್ಪಳದಾಗ ಹನ್ನೊಂದು ವರ್ಷ ಕಲಿಸೇನಿ,
ಒಂದಿನಾನೂ ಕಿವಿಗೊಟ್ಟಿರಲಿಲ್ಲ.

ಸೋಮವಾರ ಏನ ಬರೀಲಿ ಅಂತ ಕುಂತೆ.
ಹುಬ್ಬಳ್ಳಿಗೆ ಎರಡು ಒತ್ತು.
ಲಕ್ಷ್ಮೇಶ್ವರ ಬರೀಬೇಕಂದ್ರ ನಾನೂ ನಡಕ ಒಮ್ಮೆ ಉಸುರು ಬಿಡಬೇಕು.
ನಮ್ಮೂರ ಹೆಸರಿಗೆ ಏನೈತ್ರಿ?
ಗುಡಸಿಲ್ಲ, ಕೊಂಬಿಲ್ಲ, ಕಾಲಾಗೊಂದು ಒತ್ತಿಲ್ಲ,
ಬರಿಗಾಲ ಹುಡುಗರಂಗ ಮೂರ ಅಕ್ಷರ,
ಅದರಾಗೂ ಒಂದು ಎರಡು ಸಲ ಬಂದದ್ದು.
ಗ. ಬಾಗಿಲಾ, ಮ್ಯಾಲೊಂದು ತಲಿಕಟ್ಟು.
ದ. ಅರ್ಧ ಸುತ್ತಿ ಬಿಟ್ಟ ಸಿಂಬಿ.
ಮತ್ತ ಗ.

ಚಿನ್ಮಯ ಎಡಕಿನಿಂದ ಬೆರಳಿಟ್ಟ.
ಮುಬೀನಾ ಬಲಕಿನಿಂದ, ನನ್ನ ಕಡೆ ನೋಡಿಕೋತ.
ಗ, ಅಂದ ಅಂವ.
ಗ, ಅಂದ್ಲು ಅಕಿ, ಮೆಲ್ಲಕ.
ನಡುವಿನ ದ ಮ್ಯಾಲ ಎರಡೂ ಬೆರಳು ಡಿಕ್ಕಿ ಹೊಡೆದು
ಒಂದರ ಮ್ಯಾಲೊಂದು ಹತ್ತಿ ದಾಟಿದ್ವು.
ಗದಗ, ಅಂದ ಅಂವ.
ಗದಗ.

ನನ್ನ ಕೈ ಅಕಿ ಮಣಿಕಟ್ಟಿನ ತನಕ ಹೋಗಿತ್ತು, ರೂಢಿ.
ಅಲ್ಲಿ ಹತ್ತಿದ್ದ ಒಂದು ಕಾಳು ಜಾಡಿಸಿ ಹಿಂದ ಬಂತು.
ಮತ್ತೊಮ್ಮೆ ಓದವಾ, ಅಂದೆ.
ಓದಿದ್ಲು. ಹನ್ನೆರಡು ಸಲ ಓದಿದ್ಲು.
ಕಡೀಕ ಒಮ್ಮೆ ತಾನಾಗೇ ಎಡಕಿನಿಂದ,
ಆ ಕಡೆ ಏನರ ಬ್ಯಾರೆ ಐತೇನು ಅಂತ ನೋಡೂದಕ್ಕ.

ಹನ್ನೆರಡೂವರಿಗೆ ದ್ಯಾಮವ್ವ ಮರ ಕೇಳಿದ್ಲು,
ಬ್ಯಾಳಿ ಹಸನ ಮಾಡಬೇಕಾಗಿತ್ತು.
ಒಮ್ಮೆ ಕೇರಿದ್ಲು. ಊರು ಹೋತು, ಜ್ವಾಳ ಉಳೀತು.
ನಾಳೆ ಮತ್ತ ಸರ.
ಅದಕ್ಕ ಒಂದ ಬಾಗಿಲಾ, ಅದೂ ಎಡಕ್ಕ.
ಹೆಂಗ ಹೇಳೂದೋ, ಇನ್ನೂ ಗೊತ್ತಿಲ್ಲ.

ಸಂಜಿಕೆ ಅವ್ವನ ಸೆರಗು ಹಿಡಕೊಂಡು ಹೊಂಟಾಕಿ
ಹಿಟ್ಟಿನ ಗಿರಣಿ ಮುಂದ ನಿಂತಬಿಟ್ಲು.
ಕೆಂಪ ಅಕ್ಷರದ ಬೋರ್ಡಿಗೆ ಬೆರಳ ಮಾಡಿ
ಓಣಿಗೆಲ್ಲಾ ಕೇಳೂವಂಗ ಒದರಿದ್ಲು:
ಅಕ್ಕೋರ! ಗ ಐತ್ರೀ ಇಲ್ಲೆ!
ತಲಿಮ್ಯಾಲ ಏನ ಹೊತ್ತೈತ್ರಿ ಅದು?